ಹಳೆಯ ಡೀಸೆಲ್ ಕಾರಿಗೆ ಅದರದೇ ಗೇರ್‌ಬಾಕ್ಸ್: ಏಳು ಆಕ್ಷೇಪಗಳಿಗೆ ಪ್ರತ್ಯುತ್ತರ

ಸ್ಕೋಡಾ ಕಂಪನಿ ಭಾರತದಲ್ಲಿ ಕೆಲಸ ಶುರುಮಾಡಿದ್ದು 2001ರಲ್ಲಿ. ಔರಂಗಾಬಾದಿನಲ್ಲಿ ಜೋಡಣೆಯಾಗಿ ಬಂದ ಆಕ್ಟೇವಿಯಾ 1.9 ಟಿಡಿಐ, ಡೀಸೆಲ್ ಕಾರೆಂದರೆ ಹೊಗೆ ಮತ್ತು ಗದ್ದಲ ಎಂದುಕೊಂಡಿದ್ದ ನಮ್ಮವರ ಅಭಿಪ್ರಾಯವನ್ನು ಬದಲಿಸಿತು. 1896 ಸಿಸಿ, 90 ಅಶ್ವಶಕ್ತಿ. ಕಾಗದದ ಮೇಲೆ ಅಂಥ ದೊಡ್ಡ ಲೆಕ್ಕವೇನಲ್ಲ. ಆದರೆ 1,900 ಆರ್‌ಪಿಎಂನಲ್ಲೇ 210 ನ್ಯೂಟನ್ ಮೀಟರ್ ಟಾರ್ಕ್ ಕೊಡುವ ಆ ಎಂಜಿನ್ ಶಿರಾಡಿ ಘಾಟಿಯನ್ನು ನಾಲ್ಕು ಜನ ಮತ್ತು ತುಂಬಿದ ಡಿಕ್ಕಿಯೊಂದಿಗೆ ಹತ್ತುವ ರೀತಿ ಕಂಡವರು ಕಾರು ಮಾರಲು ಮನಸ್ಸು ಮಾಡಲಿಲ್ಲ. ಅದಕ್ಕೇ ಇಂದಿಗೂ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಆ ಕಾರುಗಳು ಓಡಾಡುತ್ತಿವೆ.

ಸರಿಯಾಗಿ ನೋಡಿಕೊಂಡರೆ ಎಂಜಿನ್ ಸುಲಭಕ್ಕೆ ಸೋಲುವುದಿಲ್ಲ. ಅದಕ್ಕಿಂತ ಮೊದಲು ದಣಿಯುವುದು ಗೇರ್‌ಬಾಕ್ಸ್. ಎರಡನೇ ಗೇರ್ ಕರಕರ ಎನ್ನುತ್ತದೆ, ಐದನೆಯದು ತಾನಾಗಿ ಹಾರಿ ಬರುತ್ತದೆ, ವೇಗದ ಜೊತೆ ಏರುವ ಗುಂಯ್ ಸದ್ದು ಶುರುವಾಗುತ್ತದೆ. ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಕವಚ ಒಡೆದು ಆಯಿಲ್ ರಸ್ತೆಗೆ ಚೆಲ್ಲುತ್ತದೆ. ಆಗ ಮಾಲೀಕನ ಮುಂದಿರುವ ಪ್ರಶ್ನೆ: ಯಾವ ಗೇರ್‌ಬಾಕ್ಸ್ ಹಾಕಿಸಬೇಕು?

ನನ್ನ ನಿಲುವು ಇದು. ಮೊದಲು ಕಾರಿನದೇ ಬಾಕ್ಸ್ ಇಳಿಸಿ, ಬಿಚ್ಚಿ ನೋಡಿ. ಕವಚ ಉಳಿದಿದ್ದರೆ ಅದನ್ನೇ ಹೊಸ ಬೇರಿಂಗ್, ಸಿಂಕ್ರೊ ರಿಂಗ್, ಸೀಲುಗಳೊಂದಿಗೆ ಮತ್ತೆ ಕಟ್ಟಿಸಿ. ಕವಚ ಹೋಗಿದ್ದರೆ ಅದೇ ಕೋಡಿನ ಇನ್ನೊಂದು ಬಾಕ್ಸ್ ಹುಡುಕಿ, ಅದನ್ನೂ ಬಿಚ್ಚಿ ಕಟ್ಟಿಸಿದ ಮೇಲೆಯೇ ಕಾರಿಗೆ ಏರಿಸಿ. ಈ ಮಾತಿಗೆ ಗ್ಯಾರೇಜುಗಳಲ್ಲೂ, ಹಳೆ ಕಾರು ಇಟ್ಟುಕೊಂಡ ಗೆಳೆಯರ ನಡುವೆಯೂ ವಿರೋಧ ಕಡಿಮೆಯಿಲ್ಲ. ವಿರೋಧಿಸುವವರಲ್ಲಿ ಹಲವರು ಕೈಗೆ ಗ್ರೀಸು ಮೆತ್ತಿಕೊಂಡು ದುಡಿದ ಅನುಭವಿಗಳು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ಒಂದೊಂದಾಗಿ ಉತ್ತರಿಸುತ್ತೇನೆ.

ಆಕ್ಷೇಪ 1: "ಬೋಲ್ಟ್ ಕೂತರೆ ಬಾಕ್ಸ್ ಕೂತ ಹಾಗೆ. ಪೆಟ್ರೋಲ್ ಆಕ್ಟೇವಿಯಾದ್ದೇ ಹಾಕಿ."

ಬೋಲ್ಟ್ ಕೂರುವುದು ನಿಜ. ಆಕ್ಟೇವಿಯಾ ಟಿಡಿಐನಲ್ಲಿರುವುದು 02ಜೆ ಎಂಬ ಹೆಸರಿನ ಐದು ಗೇರಿನ ಬಾಕ್ಸ್. ಅದೇ ಕಾಲದ ಗಾಲ್ಫ್, ಜೆಟ್ಟಾ, ನ್ಯೂ ಬೀಟಲ್‌ಗಳಲ್ಲೂ, 1.8 ಟರ್ಬೊ ಪೆಟ್ರೋಲ್ ಎಂಜಿನ್ನಿನ ಹಿಂದೆಯೂ ಇದೇ ಕುಟುಂಬದ ಬಾಕ್ಸ್ ಇದೆ. ಎಂಜಿನ್ನಿಗೆ ಕೂರುವ ಬೆಲ್ ಹೌಸಿಂಗಿನ ತೂತುಗಳು ಒಂದೇ. ಹೊರಗಿನಿಂದ ನೋಡಿದರೆ ಅಣ್ಣ ತಮ್ಮ. ವ್ಯತ್ಯಾಸ ಇರುವುದು ಒಳಗೆ, ಹಲ್ಲುಗಳ ಲೆಕ್ಕದಲ್ಲಿ.

ಡೀಸೆಲ್ ಎಂಜಿನ್‌ಗೆ ಕೊಟ್ಟ 02ಜೆಯಲ್ಲಿ ಫೈನಲ್ ಡ್ರೈವ್ ಅನುಪಾತ ಸುಮಾರು 3.4, ಐದನೇ ಗೇರ್ ಸುಮಾರು 0.75. 1.8 ಟರ್ಬೊ ಪೆಟ್ರೋಲಿನದರಲ್ಲಿ ಫೈನಲ್ ಡ್ರೈವ್ ಸುಮಾರು 3.94, ಐದನೇ ಗೇರ್ ಸುಮಾರು 0.84. ಎರಡನ್ನೂ ಗುಣಿಸಿ ನೋಡಿ. ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ಹಾಕಲು ಡೀಸೆಲ್ ಬಾಕ್ಸಿನಲ್ಲಿ ಎಂಜಿನ್ ಸುಮಾರು 2.55 ಸುತ್ತು ತಿರುಗಬೇಕು, ಪೆಟ್ರೋಲ್ ಬಾಕ್ಸಿನಲ್ಲಿ ಸುಮಾರು 3.3 ಸುತ್ತು. 195/65 ಆರ್15 ಟಯರಿನ ಲೆಕ್ಕದಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೊದಲನೆಯದು ಸುಮಾರು 2,200 ಆರ್‌ಪಿಎಂ, ಎರಡನೆಯದು ಸುಮಾರು 2,800. ಅದೇ ರಸ್ತೆ, ಅದೇ ವೇಗ, ಆದರೂ ಎಂಜಿನ್ ನಿಮಿಷಕ್ಕೆ 600 ಸುತ್ತು ಹೆಚ್ಚು ದುಡಿಯಬೇಕು. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಅದು ಕಿವಿಗೂ ಕೇಳುತ್ತದೆ, ಟ್ಯಾಂಕಿಗೂ ತಿಳಿಯುತ್ತದೆ.

ಇಲ್ಲಿ ಮೋಸಹೋಗಲು ಒಂದು ಕಾರಣವಿದೆ. ಮೊದಲ ಗೇರಿನಲ್ಲಿ ಎರಡೂ ಬಾಕ್ಸುಗಳ ಒಟ್ಟು ಅನುಪಾತ ಹೆಚ್ಚುಕಡಿಮೆ ಒಂದೇ, 13ರ ಆಸುಪಾಸು. ಗ್ಯಾರೇಜಿನಿಂದ ಹೊರಟು ಬೀದಿಯ ತುದಿವರೆಗೆ ಟ್ರಯಲ್ ನೋಡಿದರೆ ಯಾವ ಬದಲಾವಣೆಯೂ ಗೊತ್ತಾಗುವುದಿಲ್ಲ. ಇನ್ನೂ ಸ್ವಲ್ಪ ಪಿಕಪ್ ಬಂದಿದೆ ಎಂದೇ ಅನಿಸಬಹುದು. ಗೇರ್ ಏರಿದಂತೆ ಅಂತರ ಹಿಗ್ಗುತ್ತ ಹೋಗಿ, ಹೆದ್ದಾರಿಗೆ ಬಂದಾಗ ಬಯಲಾಗುತ್ತದೆ. ಪೆಟ್ರೋಲ್ ಎಂಜಿನ್ 6,000 ದಾಟಿಯೂ ಉಸಿರಾಡುತ್ತದೆ, ಅದಕ್ಕೆ ಹತ್ತಿರ ಹತ್ತಿರದ ಗೇರುಗಳು ಸರಿ. ಈ ಡೀಸೆಲ್ಲಿನ ಗರಿಷ್ಠ ಶಕ್ತಿ 4,000ದಲ್ಲೇ ಮುಗಿಯುತ್ತದೆ. ಅದಕ್ಕೆ ಬೇಕಾದದ್ದು ಉದ್ದನೆಯ ಹೆಜ್ಜೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದಕ್ಕೊಂದು ಅಳೆದು ಮಾಡಿದ ಜೋಡಿ. ಬೋಲ್ಟಿನ ತೂತು ಆ ಅಳತೆಯನ್ನು ಹೇಳುವುದಿಲ್ಲ.

ಹೇಳುವುದು ಕೋಡ್. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗದ ಸ್ಟಿಕ್ಕರಿನಲ್ಲಿ, ಸರ್ವಿಸ್ ಪುಸ್ತಕದಲ್ಲಿ ಎಂಜಿನ್ ಕೋಡಿನ ಪಕ್ಕದಲ್ಲೇ ಗೇರ್‌ಬಾಕ್ಸಿನ ಮೂರಕ್ಷರದ ಕೋಡ್ ಇರುತ್ತದೆ. ಅದೇ ಮೂರಕ್ಷರ ಬಾಕ್ಸಿನ ಕವಚದ ಮೇಲೂ ಒತ್ತಿರುತ್ತದೆ. ಅದರ ಮುಂದಿನ ಐದು ಅಂಕಿಗಳು ತಯಾರಾದ ದಿನಾಂಕ: ದಿನಕ್ಕೆ ಎರಡು, ತಿಂಗಳಿಗೆ ಎರಡು, ವರ್ಷಕ್ಕೆ ಕೊನೆಯ ಒಂದಂಕಿ. ಬದಲಿ ಬಾಕ್ಸ್ ಕೊಳ್ಳುವ ಮೊದಲು ಈ ಕೋಡ್ ಹೊಂದಿಸಿ ನೋಡದವರು ಕಣ್ಣುಮುಚ್ಚಿ ಕೊಂಡ ಹಾಗೆಯೇ.

ಆಕ್ಷೇಪ 2: "ಹೇಗೂ ಬದಲಿಸುತ್ತೀರಿ, ಆರು ಗೇರಿನದ್ದೇ ಹಾಕಿ. ಮೈಲೇಜ್ ಬರುತ್ತದೆ."

ಇದು ಕೇಳಲು ಚೆನ್ನ. ಮಾಡಿದವರೂ ಇದ್ದಾರೆ, ಅದು ಆಗದ ಕೆಲಸವಲ್ಲ. ಆದರೆ 02ಎಂ ಎಂಬ ಆ ಆರು ಗೇರಿನ ಬಾಕ್ಸ್ ಬೇರೆಯೇ ವಿನ್ಯಾಸದ್ದು. ಅದರಲ್ಲಿರುವುದು ಮೂರು ಶಾಫ್ಟ್, ಔಟ್‌ಪುಟ್ ಕಡೆಯಲ್ಲೇ ಎರಡು. ತೂಕ ಹೆಚ್ಚು. ಆಕ್ಟೇವಿಯಾ ಟಿಡಿಐಗೆ ಅದನ್ನು ಕೂರಿಸಲು ಬಾಕ್ಸೊಂದೇ ಸಾಲದು. ಮೌಂಟ್ ಬದಲಾಗಬೇಕು, ಸ್ಟಾರ್ಟರ್ ಬದಲಾಗಬೇಕು, ಫ್ಲೈವೀಲ್ ಮತ್ತು ಕ್ಲಚ್ ಬೇರೆ ಬೇಕು, ಆ್ಯಕ್ಸಲ್ ಬೇರೆ ಬೇಕು, ಗೇರ್ ಲಿವರಿನ ಕೇಬಲ್ ವ್ಯವಸ್ಥೆ ಬೇರೆ ಬೇಕು. ಇದರಲ್ಲಿ ಒಂದು ಸಿಗದಿದ್ದರೂ ಕಾರು ಸ್ಟ್ಯಾಂಡಿನ ಮೇಲೆಯೇ ಕೂತಿರುತ್ತದೆ. ನಾಳೆ ಯಾವುದೋ ಊರಿನಲ್ಲಿ ಕೆಟ್ಟು ನಿಂತರೆ, ಈ ಕಾರಿನಲ್ಲಿ ಏನೇನಿದೆ ಎಂದು ಅಲ್ಲಿನ ಮೆಕ್ಯಾನಿಕ್‌ಗೆ ಹೇಳಲು ಯಾವ ಕೈಪಿಡಿಯೂ ಇರುವುದಿಲ್ಲ.

"ಲಾರಾದ್ದು ಹಾಕಿ" ಎನ್ನುವವರಿಗೂ ಇದೇ ಉತ್ತರ. ಲಾರಾ ಮುಂದಿನ ಪೀಳಿಗೆಯ ತಳಪಾಯದ ಮೇಲೆ ಕಟ್ಟಿದ ಕಾರು, ಅದರ ಗೇರ್‌ಬಾಕ್ಸಿನ ಮೌಂಟ್ ವ್ಯವಸ್ಥೆಯೇ ಬೇರೆ.

ಇನ್ನು ಮೈಲೇಜ್. ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಮೂಲ ಐದನೇ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 1,750 ಆರ್‌ಪಿಎಂನಲ್ಲಿರುತ್ತದೆ. ಅಂದರೆ ಗರಿಷ್ಠ ಟಾರ್ಕ್ ಸಿಗುವ 1,900ಕ್ಕಿಂತ ಆಗಲೇ ಕೆಳಗೆ. ನಮ್ಮ ರಾಜ್ಯ ಹೆದ್ದಾರಿಗಳಲ್ಲಿ ಹೆಚ್ಚು ಹೊತ್ತು ಓಡುವ ವೇಗ ಇದೇ. ಗೇರನ್ನು ಇನ್ನೂ ಉದ್ದ ಮಾಡಿದರೆ ಪ್ರತಿ ಲಾರಿಯ ಹಿಂದೆಯೂ ಗೇರ್ ಇಳಿಸಬೇಕು, ಇಳಿಸಲು ಸೋಮಾರಿತನ ಮಾಡಿದರೆ ಎಂಜಿನ್ ಗುದ್ದಾಡುತ್ತದೆ. ಜರ್ಮನಿಯ ಆಟೋಬಾನಿನಲ್ಲಿ 140ರಲ್ಲಿ ಗಂಟೆಗಟ್ಟಲೆ ಓಡುವವರಿಗೆ ಆರನೆಯ ಗೇರ್ ವರ. ನಾಲ್ಕು ಪಥದ ಹೆದ್ದಾರಿಯಲ್ಲೇ 100ರ ಮಿತಿ ಇರುವ ನಮಗೆ ಅದರ ಲಾಭ ಬಹಳ ಕಡಿಮೆ.

ಅಷ್ಟಾಗಿಯೂ ಹೆದ್ದಾರಿ ಓಡಾಟವೇ ಹೆಚ್ಚು, ಆರ್‌ಪಿಎಂ ಇಳಿಯಲೇಬೇಕು ಎನ್ನುವವರಿಗೆ 02ಜೆಯಲ್ಲೇ ದಾರಿ ಇದೆ. ಇದರಲ್ಲಿ ಐದನೇ ಗೇರಿನ ಜೋಡಿ ಮುಖ್ಯ ಕವಚದ ಹೊರಗೆ, ತುದಿಯ ಮುಚ್ಚಳದ ಅಡಿಯಲ್ಲಿದೆ. ಪೂರ್ತಿ ಬಾಕ್ಸ್ ಬಿಚ್ಚದೆ ಆ ಎರಡು ಗೇರುಗಳನ್ನಷ್ಟೇ ಬದಲಿಸಿ, ಅನುಪಾತವನ್ನು 0.7ರ ಹತ್ತಿರಕ್ಕೆ ತರಬಹುದು. ಬೇಕಾದರೆ ಮೂಲಕ್ಕೆ ಮರಳಲೂಬಹುದು.

ಆಕ್ಷೇಪ 3: "ಆ ಬಾಕ್ಸಿನ ರಿವೆಟ್ಟಿನಲ್ಲೇ ಹುಟ್ಟುದೋಷ ಇದೆ. ಗೊತ್ತಿದ್ದೂ ಅದನ್ನೇ ಯಾಕೆ ಹಾಕಬೇಕು?"

ಎಲ್ಲದರಲ್ಲಿ ತೂಕದ ಆಕ್ಷೇಪ ಇದೇ. ಹೇಳಿದ ವಿಷಯವೂ ನಿಜ. 02ಜೆಯಲ್ಲಿ ಡಿಫರೆನ್ಷಿಯಲ್‌ನ ದೊಡ್ಡ ರಿಂಗ್ ಗೇರನ್ನು ಅದರ ಗೂಡಿಗೆ ಹಿಡಿದಿರುವುದು ರಿವೆಟ್‌ಗಳು. ಕೆಸರಿನಲ್ಲಿ ಒಂದು ಚಕ್ರ ಸಿಕ್ಕಿ ಇನ್ನೊಂದು ಗಿರಗಿರ ತಿರುಗಿದಾಗ, ಕ್ಲಚ್ಚನ್ನು ಧಡಕ್ಕನೆ ಬಿಟ್ಟಾಗ ಆ ರಿವೆಟ್‌ಗಳ ಮೇಲೆ ಕತ್ತರಿಸುವ ಒತ್ತಡ ಬೀಳುತ್ತದೆ. ಎಷ್ಟೋ ವರ್ಷ ಇದನ್ನು ತಾಳಿಕೊಂಡ ರಿವೆಟ್ ಒಂದು ದಿನ ತುಂಡಾಗುತ್ತದೆ.

ತುಂಡಾದ ತಲೆ ಬೆರಳ ತುದಿಯಷ್ಟೇ ದೊಡ್ಡದು. ಆದರೆ ಅದು ಬೀಳುವುದು ತಿರುಗುತ್ತಿರುವ ರಿಂಗ್ ಗೇರಿಗೂ ಅಲ್ಯೂಮಿನಿಯಂ ಕವಚಕ್ಕೂ ನಡುವಿನ ಇಕ್ಕಟ್ಟಿನಲ್ಲಿ. ಗೇರ್ ಅದನ್ನು ಎಳೆದುಕೊಂಡು ಹೋಗಿ ಕವಚಕ್ಕೆ ಬಡಿಯುತ್ತದೆ. ಅಂಥ ಬಾಕ್ಸನ್ನು ಮೇಜಿನ ಮೇಲಿಟ್ಟು ನೋಡಿದರೆ ಒಡಕಿನ ಅಂಚು ಒಳಗಿನಿಂದ ಹೊರಕ್ಕೆ ಬಾಗಿರುವುದು ಕಾಣುತ್ತದೆ. ರಸ್ತೆಯ ಕಲ್ಲು ತಾಗಿ ಒಡೆದದ್ದಲ್ಲ, ಒಳಗಿನಿಂದಲೇ ಗುದ್ದಿದ್ದು ಎಂಬುದಕ್ಕೆ ಅದೇ ಸಾಕ್ಷಿ. ಆಯಿಲ್ಲೆಲ್ಲ ಹರಿದುಹೋಗಿರುತ್ತದೆ. ತಿಳಿಯದೆ ಇನ್ನಷ್ಟು ದೂರ ಓಡಿಸಿದ್ದರೆ ಬೇರಿಂಗುಗಳು ಸುಟ್ಟು ನೀಲಿ ತಿರುಗಿರುತ್ತವೆ.

ಇಷ್ಟೆಲ್ಲ ಒಪ್ಪಿಯೂ ನನ್ನ ನಿಲುವು ಬದಲಾಗುವುದಿಲ್ಲ, ಮೂರು ಕಾರಣಕ್ಕೆ.

ಮೊದಲನೆಯದಾಗಿ, ಈ ದೋಷಕ್ಕೆ ಮದ್ದು ಇದೆ. ಬಾಕ್ಸ್ ಬಿಚ್ಚಿದಾಗ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆದು, ಅದೇ ತೂತುಗಳಲ್ಲಿ ಗಡಸು ಉಕ್ಕಿನ ಬೋಲ್ಟ್‌ಗಳನ್ನು ಹಾಕಿ, ಲಾಕಿಂಗ್ ದ್ರವ ಹಚ್ಚಿ, ಟಾರ್ಕ್ ವ್ರೆಂಚಿನಿಂದ ಹೇಳಿದಷ್ಟೇ ಬಿಗಿಯುವುದು. ಇದಕ್ಕೆಂದೇ ಬೋಲ್ಟ್ ಕಿಟ್‌ಗಳು ಬರುತ್ತವೆ. ಒಳ್ಳೆಯ ಲೇತ್ ಮತ್ತು ಪ್ರೆಸ್ ಇರುವ ಯಾವ ವರ್ಕ್‌ಶಾಪಿಗೂ ಇದು ಹೊಸ ಕೆಲಸವಲ್ಲ. ನಾನು ಬದಲಿ ಬಾಕ್ಸನ್ನು ಬಿಚ್ಚಲೇಬೇಕು ಎಂದು ಹಟ ಹಿಡಿಯುವುದಕ್ಕೆ ಮುಖ್ಯ ಕಾರಣವೇ ಇದು.

ಎರಡನೆಯದಾಗಿ, ಬೇರೆ 02ಜೆ ಹಾಕಿದರೆ ರಿವೆಟ್ಟಿನಿಂದ ತಪ್ಪಿಸಿಕೊಂಡಂತೆ ಆಗುವುದಿಲ್ಲ. ಮೊದಲ ಆಕ್ಷೇಪದವರು ತರಲು ಹೇಳುವ ಪೆಟ್ರೋಲ್ ಬಾಕ್ಸಿನಲ್ಲೂ ರಿಂಗ್ ಗೇರ್ ಹಿಡಿದಿರುವುದು ಇದೇ ರೀತಿಯ ರಿವೆಟ್‌ಗಳೇ.

ಮೂರನೆಯದಾಗಿ, ಮೂಲ ಸ್ಥಿತಿಯ ಈ ಎಂಜಿನ್ ಕೊಡುವುದು 210 ನ್ಯೂಟನ್ ಮೀಟರ್. 02ಜೆ ಹೊರಬಲ್ಲದ್ದು ಸುಮಾರು 250. ಅಂದರೆ ಕಂಪನಿ ಕೊಟ್ಟ ಹಾಗೆ ಓಡಿಸುವವರಿಗೆ ಸಾಕಷ್ಟು ಅಂತರವಿದೆ. ಇಸಿಯು ಟ್ಯೂನ್ ಮಾಡಿಸಿ, ಇಂಜೆಕ್ಟರ್ ನಾಜಲ್ ಬದಲಿಸಿ ಟಾರ್ಕನ್ನು 250ರ ಆಚೆಗೆ ಒಯ್ದವರ ಕಥೆ ಬೇರೆ. ಅಂಥವರು ಆರು ಗೇರಿನ 02ಎಂ ಬಗ್ಗೆ ಯೋಚಿಸಿದರೆ ನಾನು ಅಡ್ಡಿ ಮಾಡುವುದಿಲ್ಲ. ಅದು 350 ನ್ಯೂಟನ್ ಮೀಟರಿನ ವರ್ಗದ್ದು. ಆದರೆ ಅದು ಎಂಜಿನ್ ಬದಲಿಸಿಕೊಂಡವರ ಅಗತ್ಯ. ಹಳೆಯ ಕಾರನ್ನು ಇದ್ದ ಹಾಗೇ ಉಳಿಸಿಕೊಳ್ಳಬೇಕು ಎನ್ನುವವರಿಗೆ ಅದನ್ನು ಸಲಹೆಯಾಗಿ ಕೊಡುವುದು ಸರಿಯಲ್ಲ.

ಆಕ್ಷೇಪ 4: "ಕಂಪನಿ ಮುಚ್ಚಿದ ಬಾಕ್ಸನ್ನು ಬಿಚ್ಚಬಾರದು. ಗುಜರಿಯಿಂದ ತಂದು ಹಾಗೇ ಏರಿಸಿ."

ಈ ಮಾತು ಬಹಳ ಮೆಕ್ಯಾನಿಕ್‌ಗಳ ಬಾಯಲ್ಲಿದೆ, ಅದರ ಹಿಂದೆ ಕಹಿ ಅನುಭವವೂ ಇದೆ. ಅರೆಬರೆ ತಿಳಿದವರು ಬಿಚ್ಚಿ ಕಟ್ಟಿದ ಬಾಕ್ಸ್, ಬಿಚ್ಚದ ಬಾಕ್ಸಿಗಿಂತ ಬೇಗ ಕೆಡುತ್ತದೆ. ಇದರಲ್ಲಿ ಟೇಪರ್ ರೋಲರ್ ಬೇರಿಂಗುಗಳಿವೆ. ಅವು ಎಷ್ಟು ಬಿಗಿಯಾಗಿ ಕೂರಬೇಕು ಎಂಬುದನ್ನು ನಿರ್ಧರಿಸುವುದು ಕಾಗದದಷ್ಟು ತೆಳ್ಳನೆಯ ಶಿಮ್‌ಗಳು. ಹೊಸ ಬೇರಿಂಗ್ ಹಾಕಿ ಹಳೆಯ ಶಿಮ್ಮನ್ನೇ ಅಳೆಯದೆ ಇಟ್ಟರೆ, ಒಂದೋ ಸಡಿಲವಾಗಿ ಸದ್ದು ಬರುತ್ತದೆ, ಇಲ್ಲವೇ ಬಿಗಿಯಾಗಿ ಬೇರಿಂಗ್ ಸುಡುತ್ತದೆ. ಆದ್ದರಿಂದ ವರ್ಕ್‌ಶಾಪ್ ಆರಿಸುವಾಗ ಮೂರು ಪ್ರಶ್ನೆ ಕೇಳಿ: ಡಯಲ್ ಗೇಜ್ ಇದೆಯೇ? ಪ್ರೆಸ್ ಇದೆಯೇ? ಶಿಮ್ ಅಳೆದು ಹಾಕುತ್ತೀರಾ? ಮೂರನೆಯ ಪ್ರಶ್ನೆಗೆ "ಅದೆಲ್ಲ ಬೇಡ ಸಾರ್, ಅಂದಾಜು ಗೊತ್ತು" ಎಂಬ ಉತ್ತರ ಬಂದರೆ ಬಾಕ್ಸನ್ನು ಅಲ್ಲಿ ಇಳಿಸಬೇಡಿ.

ಆದರೆ ಕೆಟ್ಟ ಕೈ ಇದೆ ಎಂಬುದು ಬಿಚ್ಚದಿರಲು ಕಾರಣವಾಗುವುದಿಲ್ಲ, ಒಳ್ಳೆಯ ಕೈ ಹುಡುಕಲು ಕಾರಣವಾಗುತ್ತದೆ. ಬೆಂಗಳೂರಿನ ಶಿವಾಜಿನಗರದಲ್ಲಾಗಲಿ, ಚೆನ್ನೈನ ಪುದುಪೇಟೆಯಲ್ಲಾಗಲಿ, ದೆಹಲಿಯ ಮಾಯಾಪುರಿಯಲ್ಲಾಗಲಿ ಸಿಗುವ ಆಕ್ಟೇವಿಯಾ ಬಾಕ್ಸ್ ನಿಮ್ಮದರಷ್ಟೇ ಹಳೆಯದು. ಅದು ಎಷ್ಟು ಓಡಿದೆ ಎಂಬುದಕ್ಕೆ ಮಾರುವವನ ಮಾತೊಂದೇ ಆಧಾರ. ಬಾಕ್ಸಿಗೆ ತನ್ನದೇ ಮೀಟರ್ ಇಲ್ಲ. ಇಪ್ಪತ್ತು ವರ್ಷದ ರಬ್ಬರ್ ಸೀಲ್ ಗೋದಾಮಿನಲ್ಲಿ ಒಣಗಿ ಗಟ್ಟಿಯಾಗಿರುತ್ತದೆ. ಮಳೆ ನೀರು ಒಳಗೆ ಹೋಗಿ ಬೇರಿಂಗಿಗೆ ತುಕ್ಕು ಹಿಡಿದಿದ್ದರೂ ಹೊರಗೆ ಕಾಣುವುದಿಲ್ಲ. ಇಂಥದ್ದನ್ನು ಹಾಗೇ ಏರಿಸಿ, ಮೂರು ತಿಂಗಳಲ್ಲಿ ಮತ್ತೆ ಇಳಿಸಿದರೆ, ಇಳಿಸಿ ಏರಿಸುವ ಕೂಲಿ ಎರಡು ಸಲ ಕೊಟ್ಟಂತೆ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಕವಚದ ಜಿಡ್ಡು ಉಜ್ಜಿ, ಕೋಡ್ ಮತ್ತು ದಿನಾಂಕ ಓದಿ. ಡ್ರೈನ್ ಬೋಲ್ಟ್ ಬಿಚ್ಚಿ ಉಳಿದ ಆಯಿಲನ್ನು ಬಿಳಿ ತಟ್ಟೆಗೆ ಸುರಿಸಿ, ಬಿಸಿಲಿಗೆ ಹಿಡಿದು ಓರೆಮಾಡಿ. ಚಿನ್ನದ ಪುಡಿಯಂತೆ ಹೊಳೆದರೆ ಅದು ಸಿಂಕ್ರೊ ರಿಂಗಿನ ಪಿತ್ತಳೆ. ಸ್ವಲ್ಪ ಇದ್ದರೆ ಸವೆತ, ಸಹಜ. ಬೆರಳಿಗೆ ಚುಚ್ಚುವ ಉಕ್ಕಿನ ಚಕ್ಕೆ ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ, ಆ ಬಾಕ್ಸ್ ಬಿಡಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಹೋಗಿದೆ, ಅದನ್ನೂ ಬಿಡಿ. ಆಯಿಲ್ಲೇ ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಕವಚದ ಸುತ್ತ ವೆಲ್ಡಿಂಗ್ ಗುರುತು ಹುಡುಕಿ.

ಬಳಿಕ ಇನ್‌ಪುಟ್ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಎಂದು ಬಡಿಯಬಾರದು. ಒಂದೊಂದು ಗೇರಿಗೂ ಹಾಕಿ ಕೈಯಿಂದ ನಿಧಾನ ತಿರುಗಿಸಿ. ಸುತ್ತಿನ ಒಂದೇ ಜಾಗದಲ್ಲಿ ಪ್ರತಿಸಲ ತಡೆದಂತಾದರೆ ಯಾವುದೋ ಹಲ್ಲಿಗೆ ಪೆಟ್ಟಾಗಿದೆ. ಆ್ಯಕ್ಸಲ್ ಕೂರುವ ಫ್ಲ್ಯಾಂಜ್‌ಗಳ ಅಳತೆ ನಿಮ್ಮ ಕಾರಿನದಕ್ಕೆ ಹೊಂದುತ್ತದೆಯೇ ಎಂದು ಟೇಪ್ ಹಿಡಿದು ನೋಡಿ. ಈ ಕುಟುಂಬದಲ್ಲಿ 100 ಮಿ.ಮೀ. ಮತ್ತು 108 ಮಿ.ಮೀ. ಎಂಬ ಎರಡು ಅಳತೆಗಳಿವೆ. ಇಷ್ಟರಲ್ಲಿ ಪಾಸಾದ ಬಾಕ್ಸ್ ಒಳ್ಳೆಯದೆಂದು ಸಾಬೀತಾಗಲಿಲ್ಲ. ಬಿಚ್ಚಿ ಕಟ್ಟಿಸಲು ಯೋಗ್ಯ ಎಂದಷ್ಟೇ ಆಯಿತು. ಬಿಚ್ಚಿದ ಮೇಲೆ ಸಿಂಕ್ರೊ ರಿಂಗನ್ನು ಅದರ ಕೋನಿನ ಮೇಲೆ ಒತ್ತಿ ಹಿಡಿದು, ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಅದು ಅರ್ಧ ಮಿಲಿಮೀಟರಿನ ಹತ್ತಿರಕ್ಕೆ ಇಳಿದಿದ್ದರೆ ರಿಂಗಿನ ಆಯುಸ್ಸು ಮುಗಿದಿದೆ. ಇದು ಯಾರ ಅನುಭವಕ್ಕೂ ಹೊರಗಿನಿಂದ ಗೊತ್ತಾಗುವ ವಿಷಯವಲ್ಲ.

ಆಕ್ಷೇಪ 5: "ಹಾಕಿದರೆ ಹೊಸದೇ ಹಾಕಬೇಕು. ರಿಪೇರಿ ಎಲ್ಲ ತೇಪೆ ಕೆಲಸ."

ಹೊಸದು ಸಿಕ್ಕಿ, ಕೈಯಲ್ಲಿ ಹಣವೂ ಇದ್ದರೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಈ ಆಕ್ಟೇವಿಯಾದ ತಯಾರಿಕೆ ಭಾರತದಲ್ಲಿ ನಿಂತು ಹದಿನೈದು ವರ್ಷದ ಹತ್ತಿರ ಹತ್ತಿರ ಆಯಿತು. ಹೊಸ ಪೂರ್ತಿ ಬಾಕ್ಸಿಗಾಗಿ ಕಾಯುತ್ತ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಬ್ಯಾಟರಿ, ಟಯರ್, ಬ್ರೇಕ್ ಎಲ್ಲ ಒಂದೊಂದಾಗಿ ಕೆಡುತ್ತವೆ. ಗೇರ್‌ಬಾಕ್ಸಿನಲ್ಲಿ ಸವೆಯುವ ವಸ್ತುಗಳು ಬೇರಿಂಗ್, ಸಿಂಕ್ರೊ ರಿಂಗ್, ಸೀಲ್, ಕೆಲವೊಮ್ಮೆ ಸ್ಲೀವ್ ಮತ್ತು ಫೋರ್ಕ್. ಗೇರಿನ ಹಲ್ಲು ಮತ್ತು ಕವಚ, ಆಯಿಲ್ ಸರಿಯಾಗಿದ್ದರೆ, ಬಹಳ ಕಾಲ ಬಾಳುವಂಥವು. ಸವೆಯುವುದನ್ನೆಲ್ಲ ಹೊಸದು ಹಾಕಿ, ಅಳತೆ ಹಿಡಿದು ಕಟ್ಟಿದ ಬಾಕ್ಸನ್ನು ತೇಪೆ ಎನ್ನುವುದು ಕಟ್ಟಿದವನ ಕೆಲಸಕ್ಕೆ ಮಾಡುವ ಅನ್ಯಾಯ.

ಆಕ್ಷೇಪ 6: "ಬಾಕ್ಸ್ ಒಂದನ್ನೇ ಬದಲಿಸಿ. ಕ್ಲಚ್ ಇನ್ನೂ ಎಳೆಯುತ್ತಿದೆ, ಆಯಿಲ್ ಯಾವುದಾದರೂ ನಡೆಯುತ್ತದೆ."

ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಇರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ಅವನ್ನು ಮುಟ್ಟಬೇಕಾದರೆ ಬಾಕ್ಸ್ ಇಳಿಸಲೇಬೇಕು. ಈಗ ಹೇಗೂ ಇಳಿದಿದೆ. ಅರ್ಧ ಸವೆದ ಕ್ಲಚ್ಚನ್ನು ಉಳಿಸಿ, ಮುಂದಿನ ವರ್ಷ ಅದಕ್ಕಾಗಿಯೇ ಎಲ್ಲವನ್ನೂ ಮತ್ತೆ ಇಳಿಸುವುದು ಉಳಿತಾಯವಲ್ಲ. ಡ್ಯುಯಲ್ ಮಾಸ್ ಫ್ಲೈವೀಲ್ ಇದ್ದರೆ ಅದನ್ನೂ ಕೈಯಿಂದ ತಿರುಗಿಸಿ, ಅಲ್ಲಾಡಿಸಿ ನೋಡಿ. ಡೀಸೆಲ್ ಎಂಜಿನ್ನಿನ ನಡುಕವನ್ನು ನುಂಗಲೆಂದೇ ಅದರೊಳಗೆ ಸ್ಪ್ರಿಂಗ್‌ಗಳಿವೆ. ಅವು ಸೋತರೆ ನಡುಕವೆಲ್ಲ ಹೊಸದಾಗಿ ಕಟ್ಟಿದ ಬಾಕ್ಸಿನ ಮೇಲೆ ಬೀಳುತ್ತದೆ.

ಆಯಿಲ್ ವಿಷಯದಲ್ಲಿ ರಾಜಿಯೇ ಬೇಡ. ಇದಕ್ಕೆ ಬೇಕಾದದ್ದು 75ಡಬ್ಲ್ಯು-90 ಸಿಂಥೆಟಿಕ್, ಜಿಎಲ್-4 ದರ್ಜೆ, ಸುಮಾರು ಎರಡು ಲೀಟರ್. "ದೊಡ್ಡ ನಂಬರ್ ಒಳ್ಳೆಯದು" ಎಂದು ಲಾರಿಯ ಆ್ಯಕ್ಸಲ್ಲಿಗೆ ಸುರಿಯುವ ಜಿಎಲ್-5 ಆಯಿಲ್ ಹಾಕುವವರಿದ್ದಾರೆ. ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಆ್ಯಕ್ಸಲ್ಲಿನ ಗೇರುಗಳಿಗೆ ಅದು ರಕ್ಷಣೆ. ಆದರೆ ಹಲವು ಜಿಎಲ್-5 ಆಯಿಲ್‌ಗಳು ಸಿಂಕ್ರೊ ರಿಂಗಿನ ಪಿತ್ತಳೆಗೆ ಹಿತವಲ್ಲ. ಸದ್ದು ಅಡಗಲಿ ಎಂದು ದಪ್ಪ ಆಯಿಲ್ ಹಾಕುವುದಂತೂ ರೋಗ ಬಿಟ್ಟು ನರಳಾಟವನ್ನಷ್ಟೇ ನಿಲ್ಲಿಸುವ ಉಪಾಯ. ಚಳಿಗಾಲದ ಬೆಳಗ್ಗೆ ಎರಡನೇ ಗೇರ್ ಬೀಳದೆ ತಡವರಿಸಿದಾಗ ಅದರ ಫಲ ಗೊತ್ತಾಗುತ್ತದೆ.

ಆಕ್ಷೇಪ 7: "ಮೂಗಿಗಿಂತ ಮೂಗುತಿ ಭಾರ. ಇಪ್ಪತ್ತು ವರ್ಷದ ಡೀಸೆಲ್ ಕಾರಿಗೆ ಇಷ್ಟು ಖರ್ಚು ಯಾಕೆ? ನಾಳೆ ಸರ್ಕಾರವೇ ಗುಜರಿಗೆ ಹಾಕಿಸುತ್ತದೆ."

ಈ ಆಕ್ಷೇಪದಲ್ಲಿ ಎರಡು ಮಾತುಗಳಿವೆ, ಬೇರೆ ಬೇರೆಯಾಗಿ ನೋಡಬೇಕು.

ಕಾನೂನಿನ ಮಾತು ಮೊದಲು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ ಹೊರಡಿಸಿ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಆದೇಶ ದೆಹಲಿ ರಾಜಧಾನಿ ವಲಯದ್ದು, ಕರ್ನಾಟಕದ್ದಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ. ನಂತರ ತಪಾಸಣೆಯಲ್ಲಿ ಪಾಸಾಗಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಆರ್‌ಸಿಯಲ್ಲಿ ಇರುವುದು ಎಂಜಿನ್ ನಂಬರ್ ಮತ್ತು ಚಾಸಿ ನಂಬರ್, ಗೇರ್‌ಬಾಕ್ಸಿನದ್ದಲ್ಲ. ಹೋದ ಬಾಕ್ಸಿನ ಜಾಗಕ್ಕೆ ಅದೇ ಮಾದರಿಯ ಬಾಕ್ಸ್ ಹಾಕುವುದು ರಿಪೇರಿ, ಕಾರಿನ ಸ್ವರೂಪ ಬದಲಾವಣೆ ಅಲ್ಲ.

ಇನ್ನು ಹಣದ ಮಾತು. ಕಾರಿನ ಮಾರಾಟದ ಬೆಲೆಗೆ ರಿಪೇರಿಯ ಖರ್ಚನ್ನು ಹೋಲಿಸುವುದೇ ಇಲ್ಲಿ ಆಗುವ ತಪ್ಪು. ಮಾರಲು ಹೊರಟವರಿಗೆ ಆ ಲೆಕ್ಕ ಸರಿ. ಇಟ್ಟುಕೊಳ್ಳುವವರು ಹೋಲಿಸಬೇಕಾದದ್ದು ಇದರ ಬದಲಿಗೆ ಕೊಳ್ಳುವ ಕಾರಿನ ಬೆಲೆ, ಸಾಲದ ಕಂತು, ವಿಮೆ ಮತ್ತು ತೆರಿಗೆಯ ಜೊತೆ. ಹಾಗೆ ಹೋಲಿಸಿದಾಗ, ತಳ ತುಕ್ಕು ಹಿಡಿಯದ, ಎಂಜಿನ್ ಆರೋಗ್ಯವಾಗಿರುವ ಆಕ್ಟೇವಿಯಾಕ್ಕೆ ಗೇರ್‌ಬಾಕ್ಸಿನ ಖರ್ಚು ನ್ಯಾಯವಾದದ್ದೇ.

ಆದರೆ ಈ ಆಕ್ಷೇಪ ಎತ್ತುವವರ ಕಾಳಜಿಯಲ್ಲಿ ಒಂದು ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಈ ಕಾಲದ ಡೀಸೆಲ್ ಎಂಜಿನ್ ಇಂದಿನ ಬಿಎಸ್6 ಎಂಜಿನ್ನಿನಷ್ಟು ಶುದ್ಧವಲ್ಲ, ಗೇರ್‌ಬಾಕ್ಸ್ ಬದಲಿಸಿದರೆ ಅದು ಶುದ್ಧವಾಗುವುದೂ ಇಲ್ಲ. ಹೊಗೆ ಕಾರುವ, ಇಂಜೆಕ್ಷನ್ ಪಂಪ್ ಸೋರುವ, ಮಾಲಿನ್ಯ ತಪಾಸಣೆಯಲ್ಲಿ ಹೇಗೋ ಹೇಳಿಸಿಕೊಂಡು ಪಾಸಾಗುವ ಕಾರಿಗೆ ಗೇರ್‌ಬಾಕ್ಸ್ ಹಾಕಿಸಬೇಡಿ ಎಂದು ನಾನೂ ಹೇಳುತ್ತೇನೆ. ಮೊದಲು ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆ, ಹೊಗೆ ಪರೀಕ್ಷೆ, ತಳಪಾಯದ ತಪಾಸಣೆ. ಈ ಮೂರರಲ್ಲಿ ಗೆದ್ದ ಕಾರಿಗಷ್ಟೇ ನನ್ನ ಉಳಿದೆಲ್ಲ ಮಾತು.

ಈ ಏಳು ಆಕ್ಷೇಪಗಳಲ್ಲಿ ರಿವೆಟ್ಟಿನದೂ ಕೆಟ್ಟ ಕೈಯದೂ ಹೊಗೆಯದೂ ಗಂಭೀರವಾದವು. ಮೂರಕ್ಕೂ ಉತ್ತರ ಬಾಕ್ಸ್ ಬದಲಾಯಿಸುವುದರಲ್ಲಿಲ್ಲ. ಬಾಕ್ಸನ್ನು ಬಿಚ್ಚಿ ಬೋಲ್ಟ್ ಹಾಕಿಸುವುದರಲ್ಲಿ, ಅಳೆದು ಕಟ್ಟುವ ಕೈಯನ್ನು ಹುಡುಕುವುದರಲ್ಲಿ, ಖರ್ಚಿಗೆ ಮುನ್ನ ಎಂಜಿನ್ನನ್ನು ಪರೀಕ್ಷಿಸುವುದರಲ್ಲಿ ಇದೆ. ಉಳಿದ ನಾಲ್ಕು ಆಕ್ಷೇಪಗಳು ಅವಸರದಿಂದಲೋ ಆಸೆಯಿಂದಲೋ ಹುಟ್ಟಿದವು.

ಹಳೆಯ ಡೀಸೆಲ್ ಕಾರು ಇಟ್ಟುಕೊಂಡಿರುವ ಓದುಗರಲ್ಲಿ ಒಂದೇ ವಿನಂತಿ. ಗೇರ್‌ಬಾಕ್ಸ್ ಕೆಡುವವರೆಗೆ ಕಾಯಬೇಡಿ. ಈ ವಾರವೇ ಡಿಕ್ಕಿ ತೆರೆದು, ಸ್ಟೆಪ್ನಿ ಎತ್ತಿ, ಸ್ಟಿಕ್ಕರಿನಲ್ಲಿರುವ ಗೇರ್‌ಬಾಕ್ಸ್ ಕೋಡನ್ನು ಬರೆದಿಟ್ಟುಕೊಳ್ಳಿ. ಸ್ಟಿಕ್ಕರ್ ಮಾಸಿದ್ದರೆ ಮುಂದಿನ ಸರ್ವಿಸಿನಲ್ಲಿ ಕಾರನ್ನು ಲಿಫ್ಟಿಗೆ ಏರಿಸಿದಾಗ ಕವಚದ ಮೇಲಿನದ್ದನ್ನು ಓದಿಸಿ. ಅದೇ ಹೊತ್ತಿಗೆ ಗೇರ್ ಆಯಿಲಿನ ಮಟ್ಟವನ್ನೂ ನೋಡಿಸಿ. ಗುಜರಿಯಲ್ಲಿ ಯಾರು ಏನೇ ಹೇಳಲಿ, ಆ ಮೂರಕ್ಷರ ಹೊಂದದ ಬಾಕ್ಸಿಗೆ ಮುಂಗಡ ಕೊಡಬೇಡಿ.